ಅಂದ, ಅನುಕೂಲ ಮತ್ತು ಮುದ್ದೆಕೋಲು

ಮನೆಯ ಉಳಿದ ಕೋಣೆಗಳು ಇರುವುದಕ್ಕೆ, ಅಡುಗೆಮನೆ ದುಡಿಯುವುದಕ್ಕೆ. ಬೆಂಕಿ, ನೀರು, ಎಣ್ಣೆಜಿಡ್ಡು, ಕತ್ತಿ, ಒಗ್ಗರಣೆಯ ಘಾಟು ಎಲ್ಲವೂ ಅಲ್ಲೇ ಸೇರುತ್ತವೆ. ಅಂದ ಮುಖ್ಯವೋ ಅನುಕೂಲ ಮುಖ್ಯವೋ ಎಂಬ ಹಳೆಯ ತಕರಾರು ಮನೆ ಕಟ್ಟಿಸುವವರ ಬಾಯಲ್ಲಿ ಮೊದಲು ಕೇಳಿಬರುವುದೂ ಈ ಕೋಣೆಯ ವಿಚಾರದಲ್ಲೇ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೆಂಚಿನ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವವರಿಗೆ ಇದಕ್ಕೆ ಎರಡು ಉತ್ತರಗಳು ಸಿಗುತ್ತವೆ. ಮಾಡ್ಯುಲರ್ ಕಿಚನ್ ಅಂಗಡಿಯವರು ಎರಡನ್ನೂ ಹದವಾಗಿ ಬೆರೆಸಿ ಕೊಡುತ್ತೇವೆ ಎನ್ನುತ್ತಾರೆ. ಅದು ವ್ಯಾಪಾರದ ಮಾತು, ಅದರೊಂದಿಗೆ ಜಗಳವಿಲ್ಲ. ಇನ್ನೊಂದು ಉತ್ತರ ಓದಿಕೊಂಡವರದು: ಹಳೆಯ ಅಡುಗೆಮನೆಯಲ್ಲಿ ಈ ತಕರಾರೇ ಇರಲಿಲ್ಲ, ಉಪಯೋಗಕ್ಕೆ ಬಂದದ್ದೆಲ್ಲ ತಾನಾಗಿ ಚೆಂದವಾಗಿತ್ತು, ಅಂದ ಬೇರೆ ಅನುಕೂಲ ಬೇರೆ ಎಂದು ಒಡೆದದ್ದು ಕಾರ್ಖಾನೆಯ ಕಾಲ. ಈ ಮಾತು ಸಿಟ್ಟು ಬರಿಸುತ್ತದೆ. ಊದುಕೊಳವೆ ಹಿಡಿದು ಹಸಿ ಸೌದೆಯನ್ನು ಊದಿದವರು ಯಾರೂ ಇದನ್ನು ಹೇಳಿದ್ದು ಕೇಳಿಲ್ಲ. ಸಿಟ್ಟು ಹೆಚ್ಚಲು ಮತ್ತೊಂದು ಕಾರಣ, ಇದು ಪೂರ್ತಿ ಸುಳ್ಳೂ ಅಲ್ಲ.

ಅಡುಗೆಮನೆಯ ಬಗ್ಗೆ ಅಪ್ಪಣೆ ಕೊಡಿಸುವ ಶಾಸ್ತ್ರಗಳಿಗೆ ಕೊರತೆಯಿಲ್ಲ. ವಾಸ್ತು ಒಲೆಯನ್ನು ಆಗ್ನೇಯದಲ್ಲಿ ಇಡಿಸಿ ಸುಮ್ಮನಾಗುತ್ತದೆ. 1940ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ತ್ರಿಕೋನ ಸೂತ್ರ ಒಲೆ, ಸಿಂಕು, ಫ್ರಿಜ್ಜುಗಳ ನಡುವಿನ ಹೆಜ್ಜೆ ಎಣಿಸುತ್ತದೆ. 1790ರಲ್ಲಿ ತತ್ತ್ವಜ್ಞಾನಿ ಕಾಂಟ್ ಬರೆದ ಗ್ರಂಥದ ಪ್ರಕಾರ ಚೆಲುವನ್ನು ಸವಿಯುವವನಿಗೆ ವಸ್ತುವಿನಿಂದ ಲಾಭದ ಆಸೆ ಇರಕೂಡದು. ಹಸಿದು ಕೂತವರ ಕೋಣೆಗೆ ಇದು ಹೊಂದುವ ಮಾತಲ್ಲ. ಇವನ್ನೆಲ್ಲ ಇಷ್ಟಕ್ಕೇ ಬಿಡಬಹುದು.

ಬಿಡಲಾಗದವರು ಆನಂದ ಕುಮಾರಸ್ವಾಮಿ. 1877ರಲ್ಲಿ ಕೊಲಂಬೊದಲ್ಲಿ ಹುಟ್ಟಿ, 1917ರಿಂದ ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ದುಡಿದು, 1947ರಲ್ಲಿ ತೀರಿಕೊಂಡ ಈ ವಿದ್ವಾಂಸರು ಜೀವನವಿಡೀ ಒಂದು ವಾದವನ್ನು ಬಿಡದೆ ನಡೆಸಿದರು. ಲಲಿತಕಲೆ, ಕಸುಬು ಎಂಬ ಭೇದ ಈಚಿನ ರೋಗ. ಯಾವ ಕೆಲಸಕ್ಕೆ ಬೇಕೋ ಅದಕ್ಕೆ ತಕ್ಕಂತೆ, ತಿಳಿದು ಮಾಡಿದ ವಸ್ತು ಸುಂದರವಾಗಿಯೇ ಇರುತ್ತದೆ. ಅಂದವನ್ನು ಬೇರೆಯಾಗಿ ಹುಡುಕಿ ಹೊರಟವನು ಒಡವೆ ಮಾಡಿಯಾನು, ಒಳ್ಳೆಯ ಪಾತ್ರೆ ಮಾಡಲಾರ. ಹಳೆಯ ಅಡುಗೆಮನೆಯನ್ನು ಹೊಗಳುವವರು ಅವರನ್ನು ಓದಿರಲಿ ಬಿಡಲಿ, ಆಡುವುದು ಅವರ ಮಾತನ್ನೇ.

ವಾದದ ಬಲ ಎಷ್ಟೆಂದು ತಿಳಿಯಲು ಮುದ್ದೆಕೋಲನ್ನು ಕೈಯಲ್ಲಿ ಹಿಡಿದರೆ ಸಾಕು. ಲೇಖಕರ ಅಜ್ಜಿಯ ಮನೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಅಲ್ಲಿನ ಕೋಲು ಮೊಳಕ್ಕಿಂತ ಉದ್ದ, ತುದಿಯಲ್ಲಿ ದಪ್ಪ, ಹಿಡಿಯುವ ಕಡೆ ಅಂಗೈಗೆ ತಕ್ಕಷ್ಟು ಸವೆದದ್ದು. ಎಸರು ಕುದಿಯುತ್ತಲೇ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ನೆಟ್ಟು, ಹಿಟ್ಟು ಬೇಯುವ ತನಕ ಮುಟ್ಟದೆ ಬಿಡಬೇಕು. ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದುಮಿ, ಕವೆಗೋಲನ್ನು ಕಾಲಲ್ಲಿ ಮೆಟ್ಟಿ, ಎರಡೂ ಕೈಯಲ್ಲಿ ತೊಳಸಬೇಕು. ಭುಜದ ಬಲವೆಲ್ಲ ಮೇಲಿನಿಂದ ಬೀಳಬೇಕು, ಇಲ್ಲದಿದ್ದರೆ ಗಂಟು ಉಳಿಯುತ್ತದೆ. ಈ ಕೆಲಸಕ್ಕೆ ಆ ಕೋಲಿಗಿಂತ ಮೇಲಾದ ಸಾಧನ ಇರಲಿಲ್ಲ, ನೋಡಲೂ ಅದು ಚೆಂದವೇ. ಅದನ್ನು ಕೆತ್ತಿದ ಆಚಾರಿ ಅಂದದ ಬಗ್ಗೆ ಯೋಚಿಸಿರಲಾರ. ಇಲ್ಲಿಯವರೆಗೆ ಕುಮಾರಸ್ವಾಮಿಯವರ ಮಾತಿಗೆ ಎದುರಿಲ್ಲ.

ಕೋಲಿನಿಂದ ಕಣ್ಣೆತ್ತಿ ಕೋಣೆಯನ್ನು ನೋಡಿದರೆ ತೊಂದರೆ ಶುರು. ಕೈಹೆಂಚಿನ ಮಾಡು, ಒಂದೇ ಒಂದು ಬೆಳಕಿಂಡಿ, ಅಟ್ಟದ ತುಂಬ ಸೌದೆ, ತೊಲೆಯಿಂದ ಇಳಿಬಿದ್ದ ನೆಲವಿನಲ್ಲಿ ಮೊಸರಿನ ಗಡಿಗೆ, ಗೋಡೆಗೆ ಬೆರಳು ತಾಗಿಸಿದರೆ ಅಂಟುವ ಮಸಿ. ಆ ಕೋಣೆಯೂ ಉಪಯೋಗಕ್ಕೆ ತಕ್ಕಂತೆ ತಿಳಿದು ಕಟ್ಟಿದ್ದೇ. ಹೊಗೆ ಮಾಡಿನ ಬಿದಿರು ಗಳಗಳಿಗೆ ಹುಳ ಹತ್ತದಂತೆ ಕಾಯುತ್ತಿತ್ತು, ಅಟ್ಟದ ಸೌದೆ ಮಳೆಗಾಲದಲ್ಲೂ ಒಣಗಿರುತ್ತಿತ್ತು. ಮನೆಗೆ ಅನುಕೂಲ, ಸೌದೆಗೆ ಅನುಕೂಲ, ಗಡಿಗೆಗೆ ಅನುಕೂಲ. ಅಜ್ಜಿಗೆ ಸಿಕ್ಕಿದ್ದು ಕೆಮ್ಮು. ಉಪಯೋಗ ಎನ್ನುವಾಗ ಯಾರ ಉಪಯೋಗ ಎಂದು ಕೇಳದೆ ಮುಂದೆ ಹೋಗಲಾಗದು, ಮತ್ತು ಕುಮಾರಸ್ವಾಮಿಯವರ ಕಣ್ಣು ಹೆಚ್ಚಾಗಿ ಮಾಡುವವನ ಕೈಯ ಮೇಲೆಯೇ ಇರುತ್ತದೆ. ಒಲೆಯ ಮುಂದೆ ಮೂವತ್ತು ವರ್ಷ ಕುಕ್ಕರುಗಾಲಲ್ಲಿ ಕೂತವಳನ್ನು ಅವರು ಮಾತಾಡಿಸಿದ್ದು ಕಡಿಮೆ.

ಅವರ ಪರವಾಗಿ ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಬಳಸುವವಳ ಪುಪ್ಪುಸಕ್ಕೆ ಕೇಡಾಗುವ ಕೋಣೆ ತಿಳಿದು ಕಟ್ಟಿದ ಕೋಣೆಯಲ್ಲ, ಹಾಗಾಗಿ ಸುಂದರವೂ ಅಲ್ಲ ಎಂದರಾಯಿತು. ನ್ಯಾಯವಾದ ಉತ್ತರ, ಒಪ್ಪಲೇಬೇಕು. ಒಪ್ಪಿದ ಮೇಲೆ ಅದರ ಬೆಲೆಯನ್ನೂ ತೆರಬೇಕು. ಹಾಗಿದ್ದರೆ ಅಂದ ಕಣ್ಣಿಗೆ ಕಾಣುವ ಗುಣವಾಗಿ ಉಳಿಯುವುದಿಲ್ಲ; ಅಡುಗೆಮನೆ ಚೆಂದವೋ ಅಲ್ಲವೋ ಎಂದು ಹೇಳಲು ಡಾಕ್ಟರನ್ನು ಕರೆಸಬೇಕಾಗುತ್ತದೆ.

ಒಲೆಯದು ಇನ್ನೊಂದು ಕಥೆ. ಬೆಳಗ್ಗೆ ಬೂದಿ ತೆಗೆದು, ಸಗಣಿಯಲ್ಲಿ ಸಾರಿಸಿ, ಅಂಚಿಗೆ ಕೆಮ್ಮಣ್ಣು ಬಳಿದು, ಮೇಲೆ ನಾಲ್ಕು ಎಳೆ ರಂಗೋಲಿ ಬಿಟ್ಟ ಮೇಲೆಯೇ ಅಜ್ಜಿ ಉರಿ ಹಾಕುತ್ತಿದ್ದರು. ಸಾರಿಸುವುದಕ್ಕೆ ಕಾರಣವಿದೆ, ಬಿರುಕು ಮುಚ್ಚುತ್ತದೆ. ರಂಗೋಲಿಗೆ? ಅರ್ಧ ಗಂಟೆಯಲ್ಲಿ ಅದು ಎಸರು ಉಕ್ಕಿ ಅಳಿಸಿಹೋಗುತ್ತಿತ್ತು. ಅಲ್ಲಿ ಅಂದವನ್ನು ಅಂದಕ್ಕಾಗಿಯೇ ಬಯಸಿದ ಒಬ್ಬ ಹೆಂಗಸು ಕಾಣುತ್ತಾಳೆ ಎನ್ನಬಹುದು. ಕುಮಾರಸ್ವಾಮಿಯವರು ಇದನ್ನೂ ಬಿಡುವವರಲ್ಲ. ಅರ್ಥ ಕೊಡುವುದೂ ಬಳಕೆಯೇ, ಬೆಂಕಿಗೆ ಮರ್ಯಾದೆ ತೋರುವ ಆ ಎಳೆಗಳು ಕೋಲಿನಷ್ಟೇ ಕೆಲಸದವು ಎಂಬುದು ಅವರ ನಿಲುವು. ಬಳಕೆ ಎಂಬ ಚೀಲವನ್ನು ಇಷ್ಟು ಹಿಗ್ಗಿಸಿದರೆ ಅದರಲ್ಲಿ ಹಿಡಿಸದ ವಸ್ತುವೇ ಇಲ್ಲ, ವಾದವನ್ನು ಸೋಲಿಸುವ ಉದಾಹರಣೆಯೂ ಸಿಗುವುದಿಲ್ಲ. ಆದರೂ ಅಜ್ಜಿಯನ್ನು ಕೇಳಿದ್ದರೆ ಅವರ ಉತ್ತರ ಕುಮಾರಸ್ವಾಮಿಯವರ ಕಡೆಗೇ ಇರುತ್ತಿತ್ತು. ಒಲೆ ಬರಿದಾಗಿರಬಾರದು ಅನ್ನುತ್ತಿದ್ದರು, ಅಷ್ಟೆ. ಚೆಂದಕ್ಕೆ ಎಂದು ಅವರು ಹೇಳಿದ್ದಿಲ್ಲ.

ಕತ್ತಲೆಯ ವಿಚಾರವನ್ನು ಈ ವಾದ ಗಮನಿಸಿಯೇ ಇಲ್ಲ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿಸಿತು. ತಂತಿ ಹಾದುಹೋದ ಸೀಮೆಯ ಹಳ್ಳಿಗಳ ಅಡುಗೆಮನೆಗಳಲ್ಲಿ ಬುಡ್ಡಿದೀಪವೇ ದಶಕಗಟ್ಟಲೆ ಉಳಿಯಿತು. ಬಲ್ಬು ಬಂದಾಗ ಮೊದಲು ಕಂಡದ್ದು ಮಸಿ. ಬುಡ್ಡಿಯ ಬೆಳಕಿನಲ್ಲಿ ಆ ಗೋಡೆ ಸುಂದರವೂ ಅಲ್ಲ ಕುರೂಪವೂ ಅಲ್ಲ, ಅದು ಕಾಣುತ್ತಿರಲಿಲ್ಲ. ಕಂಡ ಮೇಲೆ ಸುಣ್ಣ, ಆಮೇಲೆ ಆಯಿಲ್ ಪೇಂಟು, ಆಮೇಲೆ ಬಿಳಿ ಟೈಲ್ಸು. ಜಪಾನಿನ ಲೇಖಕ ತನಿಜಾಕಿ 1933ರಲ್ಲಿ ನೆರಳನ್ನು ಹೊಗಳಿ ಒಂದು ಪ್ರಬಂಧವನ್ನೇ ಬರೆದ. ಅಡುಗೆ ಮಾಡುವವರು ಬರೆದಿದ್ದರೆ ಬೇರೆ ಥರ ಬರೆಯುತ್ತಿದ್ದರು. ಹೊಸ ಅಡುಗೆಮನೆಯ ಹೊಳಪಿನ ಆಸೆಯನ್ನು ಷೋಕಿ ಎಂದು ಜರೆಯುವವರು ಈ ಬಲ್ಬನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟರಿಂದ ಅನುಕೂಲದ ಪಕ್ಷದವರು ಗೆದ್ದರೆಂದು ತಿಳಿಯುವಂತಿಲ್ಲ. ಬರೀ ಅನುಕೂಲಕ್ಕೆಂದು ರೂಪಿಸಿದ ಅಡುಗೆಮನೆಗಳ ಚರಿತ್ರೆ ಅಷ್ಟೇನೂ ಹೊಳೆಯುವಂಥದ್ದಲ್ಲ. ಇಂದಿನ ಮಾಡ್ಯುಲರ್ ಕಿಚನ್‌ನ ಮೂಲವೆನಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು 1926ರಲ್ಲಿ ಮಾರ್ಗರೆಟೆ ಶುಟೆ-ಲಿಹೊಟ್ಸ್ಕಿ ರೂಪಿಸಿದರು. ಅಗಲ 1.9 ಮೀಟರ್, ಉದ್ದ ಸುಮಾರು 3.4 ಮೀಟರ್, ಸುಮಾರು 10,000 ಮನೆಗಳಲ್ಲಿ ಅದನ್ನು ಕೂರಿಸಿದರು. ಕೈ ಚಾಚಿದರೆ ಎಲ್ಲವೂ ಸಿಗುತ್ತದೆ, ಇನ್ನೊಬ್ಬರು ಒಳಗೆ ಬಂದರೆ ನಿಲ್ಲಲು ಜಾಗವಿಲ್ಲ. ಅದನ್ನು ರೂಪಿಸುವ ಮುನ್ನ ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಆಕೆ ಮುಪ್ಪಿನಲ್ಲಿ ಹೇಳಿಕೊಂಡರು. ಈ ನಾಡಿನದೇ ಉದಾಹರಣೆ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಅದನ್ನು ರೂಪಿಸಿತು: ಮೂರು ಪಾತ್ರೆ ಒಟ್ಟಿಗೆ ಕೂರುವ, ಕಡಿಮೆ ಸೌದೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಆಚೆ ಕಳಿಸುವ ಮಣ್ಣಿನ ಒಲೆ. ಅಜ್ಜಿಯ ಕೆಮ್ಮಿಗೆ ಅದಕ್ಕಿಂತ ಒಳ್ಳೆಯ ಉತ್ತರ ಆಗ ಇರಲಿಲ್ಲ. ಆದರೆ ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು, ಸೌದೆಯನ್ನು ಸಣ್ಣಗೆ ಸೀಳಬೇಕು, ಉದ್ದ ಕೊರಡನ್ನು ತುರುಕಿ ತೋಟಕ್ಕೆ ಹೋಗಿಬರುವಂತಿಲ್ಲ. ಕಡೆಗೆ ಹೊಗೆಯನ್ನು ಬಹುಮಟ್ಟಿಗೆ ಓಡಿಸಿದ್ದು ಗ್ಯಾಸ್ ಸಿಲಿಂಡರು, ಬಡವರ ಮನೆಗೆ 2016ರ ಉಜ್ವಲ ಯೋಜನೆ. ತತ್ತ್ವಜ್ಞಾನಿಗೂ ವಿನ್ಯಾಸಕಾರನಿಗೂ ಅದರಲ್ಲಿ ಪಾಲಿಲ್ಲ.

ಮಂಡ್ಯ ಪಟ್ಟಣದಲ್ಲಿ ಲೇಖಕರ ಅತ್ತಿಗೆ ಕಟ್ಟಿಸಿದ ಮನೆಯಲ್ಲಿ ಈ ಎಲ್ಲ ಎಳೆಗಳೂ ಒಂದು ಕಡೆ ಸಿಕ್ಕಿಕೊಂಡಿವೆ. ಹಾಲಿಗೆ ತೆರೆದುಕೊಂಡ ಕಿಚನ್, ಕರಿ ಗ್ರಾನೈಟಿನ ಕಟ್ಟೆ, ಕೆನೆಬಣ್ಣದ ಮಿರಮಿರ ಬಾಗಿಲುಗಳು, ಮೇಲೆ ಚಿಮಣಿ. ಕಟ್ಟೆಯ ಎತ್ತರ 34 ಇಂಚು. ದೋಸೆ ಹುಯ್ಯಲು ಸರಿ, ತರಕಾರಿ ಹೆಚ್ಚಲು ಸರಿ, ಹಿಟ್ಟು ತೊಳಸಲು ಆಗುವುದೇ ಇಲ್ಲ. ಆ ಎತ್ತರದಲ್ಲಿ ತೋಳು ಮೇಲೇಳಬೇಕೇ ಹೊರತು ಭಾರ ಕೆಳಗಿಳಿಯುವುದಿಲ್ಲ, ಕವೆಗೋಲು ಮೆಟ್ಟಲು ಕಾಲಿಗೆ ಜಾಗವಿಲ್ಲ. ಹಾಗಾಗಿ ದಿನವೂ ಹೊತ್ತಾರೆ ಬಿಸಿ ಪಾತ್ರೆ ಕಟ್ಟೆಯಿಂದ ವಿಟ್ರಿಫೈಡ್ ಟೈಲ್ಸಿನ ನೆಲಕ್ಕಿಳಿಯುತ್ತದೆ, ಜಾರದಂತೆ ಕೆಳಗೊಂದು ಗೋಣಿತಾಟು. ದಿನಕ್ಕೊಮ್ಮೆಯಾದರೂ ಮುದ್ದೆ ಉಣ್ಣುವ ಸೀಮೆಯಲ್ಲಿ ಮುದ್ದೆ ಮಾಡಲಾಗದ ಅಡುಗೆಮನೆ. ಇಲ್ಲಿ ಕುಮಾರಸ್ವಾಮಿ ಪೂರ್ತಿ ಗೆಲ್ಲುತ್ತಾರೆ. ಯಾವ ಕೆಲಸಕ್ಕೆ ಎಂದು ಕೇಳದೆ ಮಾಡಿದ ಈ ಹೊಳಪನ್ನು ಅವರು ಅಂದವೆಂದು ಕರೆಯುತ್ತಿರಲಿಲ್ಲ, ಆ ಗೋಣಿತಾಟನ್ನು ನೋಡಿದವರು ಅವರ ಮಾತನ್ನು ತಳ್ಳಿಹಾಕಲಾರರು.

ಗೆಲುವು ಅಲ್ಲಿಗೇ ನಿಲ್ಲುತ್ತಿದ್ದರೆ ಪ್ರಬಂಧವೂ ನಿಲ್ಲಬಹುದಿತ್ತು. ತೆರೆದ ಕಿಚನ್ ಬೇಕೆಂದು ಹಟ ಹಿಡಿದವರು ಅತ್ತಿಗೆಯೇ. ಹಳೆಯ ಮನೆಯಲ್ಲಿ ಅಡುಗೆಮನೆ ಒಳಗಿನ ಒಳಗೆ. ಯಾರು ಜಗಲಿಯವರೆಗೆ, ಯಾರು ನಡುಮನೆಯವರೆಗೆ, ಯಾರು ಒಲೆಯ ಹತ್ತಿರದವರೆಗೆ ಬರಬಹುದು ಎಂಬುದನ್ನು ಗೋಡೆಗಳೇ ಹೇಳುತ್ತಿದ್ದವು, ಆ ಮಾತಿನಲ್ಲಿ ಜಾತಿಯೂ ಇತ್ತು, ಮುಟ್ಟೂ ಇತ್ತು. ಗೋಡೆಯೂ ತನ್ನ ಕೆಲಸಕ್ಕೆ ತಕ್ಕಂತೆ, ತಿಳಿದು ಕಟ್ಟಿದ್ದೇ. ಅದನ್ನು ತೆಗೆಸಿದವರಿಗೆ ಬೇಕಾದದ್ದು ಬರೀ ನೋಟವಲ್ಲ. ಅಡುಗೆ ಮಾಡುತ್ತಲೇ ಹಾಲಿನಲ್ಲಿ ಕೂತವರೊಡನೆ ಮಾತಾಡುವುದು, ದುಡಿಮೆ ನಾಲ್ಕು ಜನರ ಕಣ್ಣಿಗೆ ಬೀಳುವುದು. ಆ ಲೆಕ್ಕದಲ್ಲಿ ಹೊಳಪೂ ಕೆಲಸ ಮಾಡುತ್ತದೆ. ಆದರೆ ಅದೇ ಮನೆಯ ಹಿಂದೆ, ಯುಟಿಲಿಟಿ ಎಂದು ಕರೆಯುವ ಕಿರುಜಾಗದಲ್ಲಿ ಎರಡನೆಯ ಒಲೆ ಇದೆ. ಬಾಡು ಬೇಯುವುದು, ಮೀನು ಹುರಿಯುವುದು, ಪಾತ್ರೆ ಬೆಳಗುವ ಹೆಂಗಸು ಕೂತು ಕಾಫಿ ಕುಡಿಯುವುದು ಎಲ್ಲ ಅಲ್ಲಿಯೇ. ಪಕ್ಕದಲ್ಲಿ ನೀರೊಲೆಗೆ ತೆಂಗಿನಗರಿಯೂ ಕಬ್ಬಿನ ತರಗೂ ಇಂದಿಗೂ ಉರಿಯುತ್ತವೆ. ಮುಂದೆ ಒಡೆದ ಗೋಡೆ ಹಿಂದೆ ಎದ್ದಿದೆ. ಅಂಗಡಿಯವರು ಹೇಳುವ ಹದವಾದ ಬೆರಕೆ ಈ ಸೀಮೆಯ ಬಹಳ ಮನೆಗಳಲ್ಲಿ ನಡೆಯುವುದು ಹೀಗೆ: ಅಂದಕ್ಕೊಂದು ಕೋಣೆ, ಅಡುಗೆಗೊಂದು ಕೋಣೆ.

ಅತ್ತಿಗೆ ಕಡೆಗೆ ಗಾರೆ ಕೆಲಸದವನನ್ನು ಕರೆಸಿ, “ಅಣ್ಣ, ಈ ಮೂಲೇಲಿ ಮೊಳದೆತ್ತರಕ್ಕೆ ಒಂದು ಕಟ್ಟೆ ಕಟ್ಕೊಡು, ಹಿಟ್ಟು ತೊಳ್ಸಕ್ಕೆ” ಎಂದರು. ಡಿಸೈನ್ ಮಾಡಿಕೊಟ್ಟ ಹುಡುಗ ಲೈನು ಕೆಡುತ್ತದೆಂದು ಗೊಣಗಿದ. ಸೈಜುಗಲ್ಲಿನ ಆ ಗಿಡ್ಡ ಕಟ್ಟೆ, ಕಾಲಿಡಲು ಬಿಟ್ಟ ಸಂದು, ಮುದ್ದೆ ಕಟ್ಟಲು ಪಕ್ಕದಲ್ಲೊಂದು ನಯವಾದ ಚಪ್ಪಡಿ. ಮನೆಯಲ್ಲಿ ಅಷ್ಟು ಯೋಚಿಸಿ ಮಾಡಿದ ಜಾಗ ಇನ್ನೊಂದಿಲ್ಲ. ಆರು ತಿಂಗಳಾಗುವುದರೊಳಗೆ ಅತ್ತಿಗೆಯೇ ಅದಕ್ಕೊಂದು ಕೆನೆಬಣ್ಣದ ಬಾಗಿಲು ಹಾಕಿಸಿದರು, ನೆಂಟರು ಬಂದಾಗ ಮುಚ್ಚಲು. ಮುಜುಗರ ತಪ್ಪಿಸುವುದೂ ಒಂದು ಬಳಕೆ ಎಂದು ಒಪ್ಪಿದರೆ ಆ ಬಾಗಿಲು ಕುಮಾರಸ್ವಾಮಿಯವರ ಚೀಲಕ್ಕೆ ಬೀಳುತ್ತದೆ. ಒಪ್ಪದಿದ್ದರೆ, ತಾವೇ ಕಟ್ಟಿಸಿದ ಅನುಕೂಲ ಅತ್ತಿಗೆಯ ಕಣ್ಣಿಗೆ ಚೆಂದ ಕಾಣಲಿಲ್ಲ ಎನ್ನಬೇಕಾಗುತ್ತದೆ, ಮತ್ತು ಆ ಕಣ್ಣನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂದು ಹೇಳಬೇಕಾಗುತ್ತದೆ. ಕಟ್ಟೆ ಬೇಕೋ ಬಾಗಿಲು ಬೇಕೋ ಎಂದು ಕೇಳಿದಾಗ ಅವರು ಎರಡೂ ಇರಲಿ ಎಂದರು.