ಮಳೆಗಿಂತ ಮೊದಲೇ ಬರುವ ಉಗಾದಿ

ಭೈರವಾನಿತಿಪ್ಪ ಅಣೆಕಟ್ಟೆಯ ಸುತ್ತಲಿನ ಊರುಗಳಿಗೆ ವಸಂತ ಬರುವುದು ಬಿರುಬಿಸಿಲಿನ ಜೊತೆಗೆ. ಚೈತ್ರ ಶುದ್ಧ ಪಾಡ್ಯದ ಹೊತ್ತಿಗೆ ಹೊಲಗಳು ಬರಿದಾಗಿರುತ್ತವೆ. ಶೇಂಗಾ ಬಿತ್ತುವ ಮುಂಗಾರಿಗೆ ಇನ್ನೂ ಎರಡು-ಮೂರು ತಿಂಗಳು. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಅನಂತಪುರದ ಸೀಮೆ ಇದು. ಸುಗ್ಗಿ ಮುಗಿಸಿ ಸಂಕ್ರಾಂತಿ ಮಾಡುವುದು ಸಹಜ. ಕೈಯಲ್ಲಿ ಏನೂ ಇಲ್ಲದ ಹೊತ್ತಿನಲ್ಲಿ ಹೊಸ ವರ್ಷವನ್ನು ಎದುರುಗೊಳ್ಳುವುದೇಕೆ?

ಬೇವಿನ ಮರದ ಕೆಳಗೆ ನಿಂತರೆ ಉತ್ತರದ ಸುಳಿವು ಸಿಗುತ್ತದೆ. ಐದು ಎಸಳಿನ ಪುಟ್ಟ ಬಿಳಿ ಹೂವು. ಮೂಸಿದರೆ ಜೇನಿನ ಕಂಪು, ನಾಲಿಗೆಗಿಟ್ಟರೆ ಕಹಿ. ಈ ಹೂವಿಗೆ ಈ ವರ್ಷದ ಮಳೆ ಇನ್ನೂ ಬಿದ್ದಿಲ್ಲ. ಹಿಂದಿನ ಮಳೆಗಳು ನೆಲದಾಳದಲ್ಲಿ ಇಟ್ಟುಹೋದ ತೇವವನ್ನು ಬೇರು ಹುಡುಕಿ ತಂದಿದೆ. ನಾವು ಹೊಸತೆಂದು ಕೊಂಡಾಡುವ ಚಿಗುರು ಹಳೆಯ ಮಳೆಯ ಕೊಡುಗೆ.

ಇಲ್ಲಿನ ಅಣೆಕಟ್ಟೆಗೆ ನೀರು ತರುವ ವೇದಾವತಿ ನದಿಯೂ ಹೊಸ ನೀರಿಗೆ ಬಹಳ ಕಾಯಿಸುತ್ತದೆ. ನದಿಯ ಮೇಲ್ಭಾಗದಲ್ಲಿ ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಎಷ್ಟೋ ಮಂದಿ ಆ ಕೋಡಿಯನ್ನು ಕಾಣದೆಯೇ ಉಗಾದಿ ಮಾಡಿ ಹೋದರು. ಅವರ ಹಬ್ಬವೇನೂ ಸಪ್ಪೆಯಾಗಲಿಲ್ಲ.

1953ರಲ್ಲಿ ಈ ಸೀಮೆಯ ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿತು. ಆದರೂ ಸಂವತ್ಸರದ ಹೆಸರು ಕನ್ನಡ-ತೆಲುಗು ಗಡಿಯ ಎರಡೂ ಕಡೆ ಒಂದೇ ಆಗಿ ಉಳಿಯಿತು. ಒಂದು ಮನೆಯಲ್ಲಿ ಬೇವುಬೆಲ್ಲ, ಪಕ್ಕದ ಮನೆಯಲ್ಲಿ ಆರು ರುಚಿಯ ಪಚ್ಚಡಿ. ಸಂಜೆ ಪಂಚಾಂಗ ಕೇಳಲು ಕೂತಾಗ ಇಬ್ಬರೂ ಕಿವಿ ನಿಮಿರಿಸುವುದು ಒಂದೇ ಮಾತಿಗೆ: ಈ ಸಲ ಮಳೆ ಹೇಗೆ?

ಬಯಲುಸೀಮೆಯ ಹಲವು ಊರುಗಳಲ್ಲಿ ಈ ಹಬ್ಬಕ್ಕೆ ಹೊನ್ನಾರು ಹೂಡುತ್ತಾರೆ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ ಒಣಗಿದ ಹೊಲದಲ್ಲಿ ನಾಲ್ಕು ಸಾಲು ಹೊಡೆಯುತ್ತಾರೆ. ಆಗ ಬೀಜ ಬಿತ್ತುವುದಿಲ್ಲ. ಮಣ್ಣಿಗೆ ಹದವೂ ಬಂದಿರುವುದಿಲ್ಲ. ಫಲದ ಖಾತರಿ ಸಿಗುವ ಮೊದಲೇ ತನ್ನ ಪಾಲಿನ ಕೆಲಸಕ್ಕೆ ಕೈಹಚ್ಚುವ ಈ ನಡೆಯೇ ನನಗೆ ಉಗಾದಿಯ ತಿರುಳಾಗಿ ಕಾಣುತ್ತದೆ.

ಮಳೆ ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ಹಿಡಿದಿಡುವ ಕೆರೆ, ಬದು, ಮರ ನಮ್ಮ ಕೈಯಲ್ಲಿವೆ. ತೋರಣಕ್ಕೆ ಬೇವಿನ ಕೊಂಬೆ ಮುರಿದವರು ಆ ವರ್ಷ ಒಂದು ಸಸಿಯನ್ನಾದರೂ ನೆಟ್ಟು ಉಳಿಸಿಕೊಡಬೇಕು. ಮುಂದೆಂದೋ ಇದೇ ಬಿಸಿಲಲ್ಲಿ ಉಗಾದಿ ಮಾಡುವವರಿಗೆ ನಾವೇ ಹಿಂದಿನವರು. ಅವರ ಪಾಲಿನ ತೇವ ಉಳಿಸುವುದು ನಮ್ಮ ಮೇಲಿದೆ.