ಹದಿನೈದರ ಹುಡುಗಿಗೆ ಇಷ್ಟೊಂದು ಉಪಮೆ ಎಲ್ಲಿಂದ?

ಜೆಸ್ಮಿನ್ ವಾರ್ಡ್ ಅವರ ‘ಸಾಲ್ವೇಜ್ ದ ಬೋನ್ಸ್’ ಕಾದಂಬರಿ ಓದಿದವರಲ್ಲಿ ಹಲವರು ಎತ್ತುವ ಆಕ್ಷೇಪ ಒಂದೇ. ಕಥೆ ಹೇಳುವ ಎಶ್ ಹದಿನೈದು ವರ್ಷದ ಕಪ್ಪು ಹುಡುಗಿ, ಮಿಸಿಸಿಪಿ ಕರಾವಳಿಯ ಬಡ ಹಳ್ಳಿಯವಳು. ತಾಯಿ ಸತ್ತಿದ್ದಾಳೆ, ತಂದೆ ಕುಡಿಯುತ್ತಾನೆ, ಯಾರಿಗೂ ಹೇಳಿಕೊಳ್ಳಲಾಗದ ಬಸಿರು ಬೇರೆ. ಇಂಥವಳ ಕಥನದಲ್ಲಿ ಸಾಲಿಗೊಂದು ಉಪಮೆ, ಮಾತುಮಾತಿಗೂ ಗ್ರೀಕ್ ಪುರಾಣದ ಮೆಡಿಯಾ. ಇದು ಆ ಹುಡುಗಿಯ ದನಿಯಲ್ಲ, ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿತುಬಂದ ಲೇಖಕಿಯ ದನಿ ಎಂಬುದು ಅವರ ದೂರು. 2011ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕೃತಿ ಇದು. ಮನಸಾರೆ ಮೆಚ್ಚಿದವರೂ ಕೊನೆಗೆ ಈ ಮಾತು ಸೇರಿಸುವುದುಂಟು. ಹಾಗಾಗಿ ಇದನ್ನು ಪೂರ್ವಗ್ರಹ ಎಂದು ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಆ ದೂರಿನ ತಳದಲ್ಲಿರುವ ನಂಬಿಕೆ ತಪ್ಪು ಎಂದು ತೋರಿಸಬೇಕಿದೆ.

ಆಡುವ ಮಾತು ಬೇರೆ, ಒಳಗೆ ನಡೆಯುವುದು ಬೇರೆ. ಭಯ, ಅಸೂಯೆ, ಸತ್ತ ತಾಯಿಯ ನೆನಪು ಇವೆಲ್ಲ ನಮ್ಮೊಳಗೆ ವಾಕ್ಯಗಳಾಗಿ ಬರುವುದಿಲ್ಲ. ವಾಸನೆಯಾಗಿ, ಚಿತ್ರವಾಗಿ, ಹೊಟ್ಟೆಯ ಸಂಕಟವಾಗಿ ಬರುತ್ತವೆ. ಅದಕ್ಕೆ ಮಾತು ಕೊಡುವುದು ಕಾದಂಬರಿಯ ಕೆಲಸ. ಎಶ್ ಅಣ್ಣಂದಿರ ಜತೆ ಆಡುವ ಮಾತು ಚುಟುಕು, ಊರಿನ ಮಾತು. ಎಷ್ಟೋ ಕಡೆ ಅವಳು ಬಾಯಿಯನ್ನೇ ಬಿಡುವುದಿಲ್ಲ. ಉಪಮೆಗಳು ಬರುವುದು ಅವಳು ಸುಮ್ಮನಿದ್ದಾಗ. ಈ ವ್ಯತ್ಯಾಸವನ್ನು ವಾರ್ಡ್ ಎಚ್ಚರದಿಂದ ಕಾಯ್ದುಕೊಂಡಿದ್ದಾರೆ. ಹಾಗೆ ಮಾತಾಡಲು ಬಾರದವಳು ಹಾಗೆ ಯೋಚಿಸಲಾರಳು ಎಂದರೆ ಮನಸ್ಸನ್ನು ನಾಲಿಗೆಯಿಂದ ಅಳೆದಂತಾಯಿತು. ಉಳ್ಳವರ ಕಥೆಗಳನ್ನು ಓದುವಾಗ ನಾವು ಈ ಅಳತೆಗೋಲನ್ನು ಹೊರಗೆ ತೆಗೆಯುವುದೇ ಇಲ್ಲ.

ಅದೇ ಮಿಸಿಸಿಪಿಯ ವಿಲಿಯಂ ಫಾಕ್ನರ್ 1930ರಲ್ಲಿ ‘ಆ್ಯಸ್ ಐ ಲೇ ಡೈಯಿಂಗ್’ ಪ್ರಕಟಿಸಿದರು. ಬಡ ಬಿಳಿಯ ರೈತ ಕುಟುಂಬವೊಂದು ತಾಯಿಯ ಹೆಣವನ್ನು ಗಾಡಿಯಲ್ಲಿ ಹೊತ್ತೊಯ್ಯುವ ಕಥೆ. ಅಲ್ಲಿನ ಡಾರ್ಲ್ ಎಂಬ ಮಗ ಇರುವಿಕೆ, ಇಲ್ಲದಿರುವಿಕೆಗಳ ಬಗ್ಗೆ ತತ್ತ್ವಶಾಸ್ತ್ರಜ್ಞನ ಭಾಷೆಯಲ್ಲಿ ಯೋಚಿಸುತ್ತಾನೆ. ಅವನ ತಂಗಿಯೂ ಎಶ್‌ಳಂತೆ ಮದುವೆಯಿಲ್ಲದೆ ಬಸಿರಾದವಳು. ಈ ಒಳದನಿಗಳನ್ನು ಇಂದು ಆಧುನಿಕ ಕಾದಂಬರಿಯ ದೊಡ್ಡ ಸಾಧನೆ ಎಂದು ತರಗತಿಗಳಲ್ಲಿ ಕಲಿಸುತ್ತಾರೆ. ಫಾಕ್ನರ್‌ಗೆ ಒಪ್ಪಿದ ಸ್ವಾತಂತ್ರ್ಯ ವಾರ್ಡ್ ಕೈಗೆ ಬಂದಾಗ ಅಸಹಜವಾಗುವುದು ಹೇಗೆ? ಇದಕ್ಕಿಂತ ದೊಡ್ಡ ಸಂಗತಿ ಕಾದಂಬರಿಯ ಒಳಗೇ ಇದೆ. ಎಶ್ ಆ ಪುಸ್ತಕವನ್ನು ಶಾಲೆಯಲ್ಲಿ ಓದಿದ್ದಾಳೆ. ಅದರಲ್ಲಿ ಚಿಕ್ಕ ಹುಡುಗನಿಗೆ ತಾಯಿ ಮೀನಾಗಿ ತೋರುವುದೇಕೆ ಎಂಬ ಕಠಿಣ ಪ್ರಶ್ನೆಗೆ ಸರಿಯಾಗಿ ಉತ್ತರಿಸಿ ಒಳ್ಳೆಯ ದರ್ಜೆ ಪಡೆದಿದ್ದಾಳೆ. ಮೆಡಿಯಾ ಕೂಡ ಶಾಲೆಯವರು ಬೇಸಿಗೆಗೆ ಕೊಟ್ಟ ಈಡಿತ್ ಹ್ಯಾಮಿಲ್ಟನ್ನರ ಪುರಾಣ ಪುಸ್ತಕದಿಂದ ಬಂದವಳು. ದೂರು ಕೊಡುವ ಓದುಗರು ಈ ಪುಟಗಳನ್ನು ದಾಟಿಯೇ ಬಂದಿರುತ್ತಾರೆ. ಬಡ ಹುಡುಗಿ ಶಾಲೆಯಲ್ಲಿ ಓದಿದ್ದು ಅವಳೊಳಗೆ ಇಳಿದು ಉಳಿಯಬಹುದು ಎಂಬುದೊಂದೇ ಅವರಿಗೆ ನಂಬಲಾಗದ ಸಂಗತಿ.

ಉಪಮೆಗಳ ಮಾತಿಗೆ ಬರೋಣ. ಎಶ್ ಮನೆಯ ಕೋಳಿಗಳು ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲ. ಅಂಗಳದ ಹಳೆಯ ಗುಜರಿ, ಪೊದೆ, ತರಗೆಲೆಗಳ ನಡುವೆ ಎಲ್ಲೆಂದರಲ್ಲಿ ಬಚ್ಚಿಡುತ್ತವೆ. ಅವನ್ನು ಹುಡುಕುವುದನ್ನು ತಾಯಿ ಅವಳಿಗೆ ಕಲಿಸಿದ್ದಳು. ಒಂದೇ ಕಡೆ ಕಣ್ಣು ನೆಡದೆ ಸುಮ್ಮನೆ ಅಡ್ಡಾಡುತ್ತಿದ್ದರೆ ಮೊಟ್ಟೆ ತಾನೇ ಕಣ್ಣಿಗೆ ಬೀಳುತ್ತದೆ ಎಂಬುದು ಆ ಪಾಠ. ಕಂದು ಎಲೆಯ ನಡುವೆ ಮೊಟ್ಟೆಯನ್ನು ಬೇರೆ ಮಾಡಿ ಕಾಣಬಲ್ಲ ಕಣ್ಣು ನಾಯಿಮರಿಯ ಉಸಿರನ್ನೂ, ಕೆಂಪು ಮಣ್ಣಿನ ಹೊಂಡದ ನೀರನ್ನೂ, ತನ್ನನ್ನು ನೋಡಿಯೂ ನೋಡದಂತಿರುವ ಪ್ರಿಯಕರನ ಮುಖವನ್ನೂ ಹಾಗೆಯೇ ಕಾಣುತ್ತದೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ, ಒಂದರಲ್ಲಿ ಇನ್ನೊಂದನ್ನು ಗುರುತಿಸುವ ಈ ಕಸುಬು ಅವಳಿಗೆ ಬಂದದ್ದು ಇಲ್ಲದ ಮನೆಯಲ್ಲಿ, ಹೊಟ್ಟೆಪಾಡಿಗಾಗಿ. ಉಪಮೆ ಎಂದರೆ ಪುರುಸೊತ್ತು ಇದ್ದವರ ಅಲಂಕಾರ ಎಂದುಕೊಂಡವರಿಗೆ ಇದು ಕಾಣಿಸದು.

ಹಾಗಾದರೆ ಯಾವ ಪಾತ್ರಕ್ಕೆ ಯಾವ ಭಾಷೆ ತೊಡಿಸಿದರೂ ನಡೆಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ನಡೆಯುವುದಿಲ್ಲ. ನನ್ನ ಪರೀಕ್ಷೆ ಇಷ್ಟು: ಆ ಉಪಮೆ ಪಾತ್ರ ಬದುಕಿದ ಜಾಗದಿಂದ, ಅದು ಮುಟ್ಟಿದ ವಸ್ತುಗಳಿಂದ ಬಂದಿದೆಯೇ? ಎಶ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತಾಳೆ. ವಾರ್ಡ್‌ಗೆ ಎರಡನೆಯ ನ್ಯಾಷನಲ್ ಬುಕ್ ಅವಾರ್ಡ್ ತಂದ, 2017ರ ‘ಸಿಂಗ್, ಅನ್‌ಬರೀಡ್, ಸಿಂಗ್’ ಪೂರ್ತಿ ಗೆಲ್ಲುವುದಿಲ್ಲ. ಅಲ್ಲಿ ಹದಿಮೂರರ ಜೋಜೊ, ಅವನ ತಾಯಿ ಲಿಯೋನಿ, ಪಾರ್ಚ್‌ಮನ್ ಜೈಲಿನಿಂದ ಬಂದ ರಿಚಿ ಎಂಬ ಹುಡುಗನ ಪ್ರೇತ ಸರದಿಯಂತೆ ಕಥೆ ಹೇಳುತ್ತಾರೆ. ಮೂವರೂ ಒಂದೇ ಥರ ಕೇಳಿಸುತ್ತಾರೆ ಎಂದು ದೂರುವ ಓದುಗರ ಜತೆ ನಾನಿದ್ದೇನೆ. ಪ್ರೇತದ ಅಧ್ಯಾಯಗಳಲ್ಲಂತೂ ಪಾತ್ರ ಕರಗಿ ಬರೀ ಬರವಣಿಗೆ ಉಳಿಯುತ್ತದೆ. ಆದರೆ ಮಾದಕ ವ್ಯಸನಿ ಲಿಯೋನಿಯ ಬಗ್ಗೆ, ಮಕ್ಕಳನ್ನು ಹೀಗೆ ನೋಡಿಕೊಳ್ಳುವವಳಿಗೆ ಇಷ್ಟು ನವಿರಾದ ಮನಸ್ಸು ಹೇಗೆ ಬಂತು ಎಂದು ಸಿಟ್ಟಾಗುವವರ ಜತೆ ನಾನಿಲ್ಲ. ಮನಸ್ಸು ನವಿರಾಗಿದ್ದೂ ಕೈ ಕ್ರೂರವಾಗಬಲ್ಲದು ಎಂಬುದೇ ಆ ಕಾದಂಬರಿಯ ಅತ್ಯಂತ ಕಹಿಯಾದ ತಿಳಿವಳಿಕೆ.

ವಾರ್ಡ್ ಸ್ವತಃ ಮಿಸಿಸಿಪಿಯ ಡೆಲೀಲ್‌ನಲ್ಲಿ ಬೆಳೆದವರು, 2005ರ ಕತ್ರೀನಾ ಚಂಡಮಾರುತವನ್ನು ಅಲ್ಲಿಯೇ ಅನುಭವಿಸಿದವರು, ಆದ್ದರಿಂದ ಅವರ ಮಾತನ್ನು ನಂಬಬೇಕು ಎಂದು ಕೆಲವು ಅಭಿಮಾನಿಗಳು ವಾದಿಸುತ್ತಾರೆ. ಈ ಸಮರ್ಥನೆ ನನಗೆ ಬೇಡ. ಎಶ್‌ಗೆ ಆಳವಾದ ಮನಸ್ಸಿದೆ ಎಂದು ಒಪ್ಪಲು ಲೇಖಕಿಯ ಜನ್ಮಸ್ಥಳದ ದಾಖಲೆ ಕೇಳಿದರೆ ಅನುಮಾನ ಹಾಗೇ ಉಳಿದುಕೊಳ್ಳುತ್ತದೆ.

2023ರ ‘ಲೆಟ್ ಅಸ್ ಡಿಸೆಂಡ್’ ಬಂದಾಗಲೂ ಭಾಷೆ ಭಾರವಾಯಿತು ಎಂದವರಿದ್ದಾರೆ. ಅದರಲ್ಲಿ ಕೆಲವು ಪುಟಗಳು ನನಗೂ ಭಾರವೇ. ಆದರೆ ಅಲ್ಲಿ ವಾರ್ಡ್ ಈ ಹಳೆಯ ದೂರನ್ನು ಕಥೆಯ ಒಳಗೇ ಎಳೆದುಕೊಂಡಿದ್ದಾರೆ. ಗುಲಾಮ ಹುಡುಗಿ ಆನಿಸ್ ತನ್ನನ್ನು ಹುಟ್ಟಿಸಿದ ಬಿಳಿಯ ಯಜಮಾನನ ಮನೆಯಲ್ಲಿ ಕೆಲಸ ಮಾಡುತ್ತ, ಅವನ ಹೆಣ್ಣುಮಕ್ಕಳಿಗೆ ಮೇಷ್ಟ್ರು ಹೇಳಿಕೊಡುವ ಡಾಂಟೆಯನ್ನು ಹೊರಗಿನಿಂದಲೇ ಕೇಳಿಸಿಕೊಳ್ಳುತ್ತಾಳೆ. ಪಾಠ ಅವಳಿಗೆಂದು ಇಟ್ಟದ್ದಲ್ಲ. ಮುಂದೆ ಅವಳನ್ನು ಮಾರಿ ದಕ್ಷಿಣಕ್ಕೆ ನಡೆಸಿಕೊಂಡು ಹೋಗುವಾಗ ಆ ನರಕದ ಇಳಿಜಾರು ಅರ್ಥವಾಗುವುದು ಮಾತ್ರ ಅವಳಿಗೆ.