ಹೆಸರಿನ ಕೊನೆಯಲ್ಲಿರುವ ಖಾನ್

ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ನಮ್ಮ ಅನೇಕ ಮನೆಗಳಲ್ಲಿ ಹೆಣ್ಣು ಗಂಡಿನ ಮಾತು ಬಂದಾಗ ಮೊದಲ ಪ್ರಶ್ನೆ ಹುಡುಗನ ನಮಾಝಿನ ಕುರಿತದ್ದಾಗಿರುವುದಿಲ್ಲ, ದುಡಿಮೆಯ ಕುರಿತದ್ದೂ ಆಗಿರುವುದಿಲ್ಲ. 'ಅವರು ಯಾರು? ಶೇಖರೋ, ಸಯ್ಯದರೋ, ಪಠಾಣರೋ?' ಎಂದೇ ಕೇಳುತ್ತಾರೆ. ಹೆಸರಿನ ಕೊನೆಯಲ್ಲಿ ಖಾನ್ ಎಂದಿದ್ದರೆ ಪಠಾಣರ ಮನೆಯ ಹಿರಿಯರಿಗೆ ಸಮಾಧಾನ. ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಖಾಂದಾನಿ ವರನಿಗಾಗಿ ಕಾಯುತ್ತಾ ಪ್ರಾಯ ಮೀರಿದ ಹೆಣ್ಣುಮಕ್ಕಳ ಕಣ್ಣೀರಿಗೆ ಈ ಪ್ರಶ್ನೆಯೂ ಒಂದು ಕಾರಣವಾಗಿದೆ. ಆದುದರಿಂದ ಹೆಸರು ನಿಜವಾಗಿ ಎಷ್ಟನ್ನು ಹೇಳಬಲ್ಲದು ಎಂದು ವಿಚಾರಿಸುವುದು ಅಗತ್ಯ.

ಖಾನ್ ಎಂಬುದು ಮೂಲತಃ ಪಠಾಣರ ಪಶ್ತೋ ಭಾಷೆಯ ಶಬ್ದವಲ್ಲ. ಅದು ತುರ್ಕರ ಮತ್ತು ಮಂಗೋಲರ ನಾಯಕರ ಬಿರುದು. ಚೆಂಗೀಸ್ ಖಾನನು ಪಠಾಣನೂ ಅಲ್ಲ, ಮುಸ್ಲಿಮನೂ ಅಲ್ಲ. ದಖ್ಖನಿನ ಸುಲ್ತಾನರು ಈ ಬಿರುದನ್ನು ತಮ್ಮ ಸರದಾರರಿಗೆ ಕುಲ ನೋಡದೆ ಕೊಟ್ಟರು. ದೂರ ಹೋಗಬೇಕಿಲ್ಲ, ನಮ್ಮ ಬಿಜಾಪುರದ್ದೇ ನಿದರ್ಶನವಿದೆ. 1672ರಲ್ಲಿ ಎರಡನೆಯ ಅಲಿ ಆದಿಲ್ ಶಾಹನು ತೀರಿಕೊಂಡಾಗ ಬಾಲಕ ಸುಲ್ತಾನನ ಪರವಾಗಿ ಆಡಳಿತ ನಡೆಸಿದವನು ಖವಾಸ್ ಖಾನ್. ಆತ ಹಬ್ಶಿ. 1675ರಲ್ಲಿ ಅವನನ್ನು ಕೆಳಗಿಳಿಸಿ ಅಧಿಕಾರ ಹಿಡಿದವನು ಬಹಲೋಲ್ ಖಾನ್. ಈತ ಮಿಯಾನಾ ಕುಲದ ಪಠಾಣ. ಇವನ ಮನೆತನದವರೇ ಮುಂದೆ ಸವಣೂರಿನ ನವಾಬರಾದರು. ಒಬ್ಬನ ಪೂರ್ವಜರು ಆಫ್ರಿಕಾದವರು, ಇನ್ನೊಬ್ಬನವರು ಅಫ್ಘಾನ್ ಬೆಟ್ಟಗಳವರು. ಹೆಸರಿನ ಕೊನೆ ಮಾತ್ರ ಒಂದೇ! ಬ್ರಿಟಿಷರಂತೂ ಪಾರ್ಸಿಗಳಿಗೂ ಖಾನ್ ಬಹಾದ್ದೂರ್ ಎಂಬ ಬಿರುದು ಕೊಟ್ಟಿದ್ದಾರೆ.

ಪಠಾಣರಲ್ಲಿ ವಂಶವನ್ನು ಸೂಚಿಸುವ ಹೆಸರುಗಳೇ ಇಲ್ಲವೆಂದಲ್ಲ. ಯೂಸುಫ್‌ಝೈ ಎಂಬಲ್ಲಿರುವ 'ಝೈ'ಗೆ ಸಂತತಿ ಎಂದರ್ಥ. 'ಖೇಲ್' ಎಂದರೆ ಕುಲದ ಕವಲು. ಲೋದಿ, ಅಫ್ರೀದಿ, ಪನ್ನಿ, ಮಿಯಾನಾ ಇವೆಲ್ಲ ಕುಲಗಳ ಹೆಸರುಗಳೇ. ರೋಹಿಲಾ ಎಂಬುದು ಮಾತ್ರ ಕುಲವಲ್ಲ, 'ರೋಹ್' ಎಂದರೆ ಬೆಟ್ಟ, ಬೆಟ್ಟದ ನಾಡಿನವರು ಎಂದಷ್ಟೇ ಅದರ ಅರ್ಥ. ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ಶತಮಾನಗಳ ಕಾಲ ಕಾದಾಟ ನಡೆದ ಈ ದೋಆಬಿಗೆ ಎಲ್ಲೆಲ್ಲಿಂದಲೋ ಸಿಪಾಯಿಗಳು ಬಂದರು. ನಿಝಾಮರ ಕಾಲದಲ್ಲಿ ರೋಹಿಲರೂ ಬಂದರು. ಅವರ ಸಂತತಿಯವರು ನಮ್ಮ ನಡುವೆ ಇರುವುದು ಸಹಜವೇ. ಆದರೆ ನಿಮ್ಮದು ಯಾವ ಝೈ, ಯಾವ ಖೇಲ್ ಎಂದು ಕೇಳಿದರೆ ಉತ್ತರಿಸಬಲ್ಲ ಮನೆಗಳೆಷ್ಟು?

ಇನ್ನು ಅಫ್ಘಾನರ ವಂಶಾವಳಿಗಳನ್ನೇ ನೋಡೋಣ. ಜಹಾಂಗೀರನ ಕಾಲದಲ್ಲಿ ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿ ನಿಅಮತುಲ್ಲಾ ಬರೆದ ಗ್ರಂಥವು ಎಲ್ಲ ಪಠಾಣರನ್ನೂ ಖೈಸ್ ಅಬ್ದುರ್ರಶೀದ್ ಎಂಬವನ ಮೂಲಕ ಬನೀ ಇಸ್ರಾಈಲರಿಗೆ ಜೋಡಿಸುತ್ತದೆ. ಇತಿಹಾಸಕಾರರು ಇದನ್ನು ಚರಿತ್ರೆಯೆಂದು ಒಪ್ಪುವುದಿಲ್ಲ. ಆದರೆ ಈ ಪರಂಪರೆಯಲ್ಲಿ ಒಂದು ಸೊಗಸಾದ ಸಂಗತಿಯಿದೆ. ಅಫ್ರೀದಿ, ಖಟಕ್, ವಝೀರಿಗಳಂತಹ ಹೆಸರಾಂತ ಕುಲಗಳ ಮೂಲಪುರುಷನಾದ ಕರ್ಲಾನಿಯು, ಬಿಟ್ಟುಹೋದ ಬಿಡಾರದಲ್ಲಿ ಸಿಕ್ಕ ಅನಾಥ ಕೂಸಂತೆ. ಲೋದಿಗಳ ವಂಶ ತಂದೆಯ ಕಡೆಯಿಂದಲ್ಲ, ಬೀಬಿ ಮತೋ ಎಂಬ ಹೆಣ್ಣುಮಗಳಿಂದ ಇಳಿದು ಬಂದಿದೆ. ತಮ್ಮ ರಕ್ತದಲ್ಲಿ ಬೆರಕೆಯಿಲ್ಲವೆಂದು ನಮ್ಮ ಖಾನ್ ಸಾಹೇಬರು ಹೇಳಿಕೊಳ್ಳುತ್ತಿರುವಾಗ, ಪಠಾಣರ ವಂಶಾವಳಿಯೇ ಅನಾಥನನ್ನೂ ಅಳಿಯನನ್ನೂ ಮಡಿಲಿಗೆ ಹಾಕಿಕೊಂಡಿದೆ!

ಹಾಗೆಂದು ಇಸ್ಲಾಮ್ ವಂಶವನ್ನು ಅಳಿಸಿಹಾಕಲು ಹೇಳುವುದಿಲ್ಲ. ಸೂರಃ ಅಲ್‌ಹುಜುರಾತ್ ಪ್ರಕಾರ ಜನಾಂಗಗಳೂ ಗೋತ್ರಗಳೂ ಇರುವುದು ಪರಸ್ಪರ ಗುರುತಿಸಲಿಕ್ಕಾಗಿ. ಗೌರವದ ಮಾನದಂಡವಾದರೋ ದೇವಭಯ ಮಾತ್ರ. ಸೂರಃ ಅಲ್‌ಅಹ್‌ಝಾಬ್ ದತ್ತುಮಕ್ಕಳನ್ನು ಅವರ ಸ್ವಂತ ತಂದೆಯ ಹೆಸರಿನಿಂದಲೇ ಕರೆಯಲು ಆಜ್ಞಾಪಿಸಿದೆ. ಝೈದ್(ರ) ಪ್ರವಾದಿವರ್ಯರ(ಸ) ಮನೆಯಲ್ಲಿ ಮಗನಂತೆ ಬೆಳೆದಿದ್ದರೂ ಮತ್ತೆ ಝೈದ್ ಬಿನ್ ಹಾರಿಸಾ ಆದರು. ಗೊತ್ತಿದ್ದೂ ಬೇರೊಬ್ಬನನ್ನು ತಂದೆಯೆಂದು ಹೇಳಿಕೊಳ್ಳುವವನಿಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಬಂಧುತ್ವ ಉಳಿಸಿಕೊಳ್ಳಲು ಬೇಕಾದಷ್ಟು ವಂಶವನ್ನು ಕಲಿಯಿರಿ ಎಂಬ ಉಪದೇಶವೂ ಇದೆ. ಬಡ ಚಿಕ್ಕಪ್ಪನ ಮಕ್ಕಳನ್ನು ಹಬ್ಬಕ್ಕೂ ವಿಚಾರಿಸದವನು ಏಳು ತಲೆಮಾರಿನ ಪಠಾಣಿಕೆಯನ್ನು ಎಣಿಸಿ ಏನು ಪ್ರಯೋಜನ? ಅಜ್ಜ ಮುತ್ತಜ್ಜರಿಂದ ಬಂದ ಖಾನ್ ಎಂಬುದನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ತನಗೆ ತಿಳಿಯದ ಕುಲವನ್ನು ಅದರ ಆಧಾರದಿಂದ ಸಾಧಿಸುವುದೂ ಇತರರನ್ನು ಕೀಳಾಗಿ ಕಾಣುವುದೂ ತಪ್ಪು.

'ಕುಫುವ್ ನೋಡಬೇಕೆಂದು ಫಿಕ್ಹ್‌ನಲ್ಲಿಯೇ ಇದೆಯಲ್ಲ' ಎಂದು ಕೆಲವರು ವಾದಿಸುತ್ತಾರೆ. ಇದೆ, ಆದರೆ ಪೂರ್ತಿ ಓದಬೇಕು. ನಮ್ಮ ಮದ್ರಸಗಳಲ್ಲಿ ಕಲಿಸುವ ಹಿದಾಯಾ ಗ್ರಂಥದಲ್ಲಿ ವಂಶದ ಸಮಾನತೆಯ ಮಾತು ಬರುವುದು ಖುರೈಶರ ಮತ್ತು ಅರಬರ ವಿಷಯದಲ್ಲಿ. ಅರಬೇತರರಿಗೆ ತಂದೆ, ಅಜ್ಜ ಎರಡು ತಲೆಮಾರು ಮುಸ್ಲಿಮರಾಗಿದ್ದರೆ ಸಾಕು, ಮುಂದಿನ ತಲೆಮಾರುಗಳ ಲೆಕ್ಕ ಕೇಳುವುದಿಲ್ಲ. ಪಠಾಣರು ಅರಬರಲ್ಲ. ಹೀಗಾಗಿ ಅವರು ನೆಚ್ಚಿಕೊಂಡ ಗ್ರಂಥದ ಪ್ರಕಾರವೇ ಪಠಾಣರ ಹುಡುಗಿಯೂ ಪಿಂಜಾರರ ಹುಡುಗನೂ ವಂಶದಲ್ಲಿ ಸಮಾನರು. ಕಸುಬನ್ನೂ ನೋಡಬೇಕೆಂದ ಇಮಾಮರಿದ್ದಾರೆ, ನಿಜ. ಹಾಗಾದರೆ ಕಸುಬನ್ನೇ ನೋಡಲಿ: ಪಿಂಜಾರರ ಮನೆಯ ಹುಡುಗ ಈಗ ಹತ್ತಿ ಹಿಂಜುವುದನ್ನು ಬಿಟ್ಟು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾನೆ, ಖಾನ್ ಸಾಹೇಬರ ಮಗ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿಯುತ್ತಿದ್ದಾನೆ.